ಫಝಿ ವಾಕ್ಯ: ‘ಮಸುಕು’ ಸರಿಯೇ, ‘ಅಂದಾಜು’ ಆದೀತೇ?

ಎಲ್ಲರಿಗೂ ನಮಸ್ಕಾರ. ಸ್ಫಿಂಕ್ಸ್ ಎಂಬ, ಕೈಪಿಡಿ ತಯಾರಿಸುವ ತಂತ್ರಾಂಶದಲ್ಲಿ ಸಿದ್ಧವಾದ ಒಂದು ಸಾಫ್ಟ್‌ವೇರ್ ಕೈಪಿಡಿಯನ್ನು ಕಾಸರಗೋಡಿನ ಬದಿಯಡ್ಕದ ಮನೆಯಲ್ಲಿ ಕೂತು ಕನ್ನಡಕ್ಕೆ ತರುತ್ತಿದ್ದೇನೆ. ವಾಕ್ಯಗಳೆಲ್ಲ ಪಿಒ ಎಂಬ ಅನುವಾದದ ಫೈಲಿನಲ್ಲಿ ಬರುತ್ತವೆ, ಇಂಗ್ಲಿಷಿನ ಕೆಳಗೆ ಕನ್ನಡ ತುಂಬಿಸುವುದು ನನ್ನ ಕೆಲಸ. ಇಂಗ್ಲಿಷ್ ಮೂಲ ಬದಲಾದರೆ ಟೂಲ್ ಹಳೆಯ ವಾಕ್ಯಗಳಲ್ಲಿ ಹತ್ತಿರದ್ದನ್ನು ಹುಡುಕಿ, ಅದರ ಕನ್ನಡವನ್ನೇ ಹೊಸದರ ಕೆಳಗೆ ಅಂಟಿಸಿ ‘ಫಝಿ’ ಅಂತ ಗುರುತು ಹಾಕುತ್ತದೆ. ಈ ಫಝಿಗೆ ಏನನ್ನೋಣ?

ನಾನೂ ಇಷ್ಟು ದಿನ ಸುಮ್ನೆ ‘ಮಸುಕು’ ಅಂತ ಬರೆಯುತ್ತಿದ್ದೆ. ಮೊನ್ನೆ ಒಂದು ಕಡೆ ಇಂಗ್ಲಿಷಿನ ‘ಕ್ಯಾನ್’ ಹೋಗಿ ‘ಕೆನಾಟ್’ ಆಗಿತ್ತು. ಕೆಳಗಿನ ಕನ್ನಡ ಮಾತ್ರ ಹಳೆಯದೇ: ‘ಈ ಫೋಲ್ಡರನ್ನು ಅಳಿಸಬಹುದು’. ಇದರಲ್ಲಿ ಮಸುಕು ಎಲ್ಲಿದೆ? ಸ್ಪಷ್ಟವಾಗಿಯೇ ತಪ್ಪು ಹೇಳುತ್ತಿದೆ, ಅಲ್ವಾ?

ನಮ್ಮ ಕಡೆ ಅಡಿಕೆ ರಾಶಿ ನೋಡಿ ‘ಎರಡು ಕ್ವಿಂಟಾಲ್ ಬಂದೀತು’ ಅಂದರೆ ಅದು ಕಣ್ಣಂದಾಜು. ದುಡ್ಡು ಎಣಿಸುವುದು ತೂಕ ಆದ ಮೇಲೆ. ಫಝಿಯದ್ದೂ ಇದೇ ಲೆಕ್ಕ. ಯಾರಾದರೂ ನೋಡಿ ಗುರುತು ತೆಗೆಯುವವರೆಗೆ ಆ ಕನ್ನಡ ಸಾಮಾನ್ಯವಾಗಿ ಪುಟಕ್ಕೆ ಹೋಗುವುದಿಲ್ಲ, ಓದುವವರಿಗೆ ಇಂಗ್ಲಿಷೇ ಕಾಣುತ್ತದೆ. ಅದಕ್ಕೇ ‘ಅಂದಾಜು’ ನನಗೆ ಹಿಡಿಸಿತು. ಪಾರಸಿಯಿಂದ ಬಂದ ಪದವಾದರೂ ಈಗ ನಮ್ಮದೇ.

ಪಿಒ ಫೈಲ್ ತಿದ್ದುವ ಪೊಎಡಿಟ್ ತಂತ್ರಾಂಶದಲ್ಲಿ ಫಝಿಯ ಬದಲು ‘ನೀಡ್ಸ್ ವರ್ಕ್’ ಅಂತಿದೆ. ‘ಕೆಲಸ ಬಾಕಿ’ ಅನ್ನಬಹುದು, ಆದರೆ ಇನ್ನೂ ಮುಟ್ಟದ ವಾಕ್ಯದ್ದೂ ಕೆಲಸ ಬಾಕಿಯೇ ತಾನೇ? ಮಲಯಾಳ ಬಲ್ಲ ಗೆಳೆಯನೊಬ್ಬ ‘ಏಕದೇಶ’ ಹಾಕು ಅಂದ. ಮಲಯಾಳದಲ್ಲಿ ‘ಏಕದೇಶಂ’ ಅಂದರೆ ಹೆಚ್ಚುಕಮ್ಮಿ ಎಂದರ್ಥ. ಕಾಸರಗೋಡಿನಲ್ಲಿ ನಡೆದೀತು, ಘಟ್ಟದ ಮೇಲಿನವರು ಯಾವ ದೇಶ ಅಂತ ಕೇಳಿಯಾರು!

‘ಅಂದಾಜು’ ತೊಡಕಾಗುವುದು ಲೆಕ್ಕ ಹೇಳುವಲ್ಲಿ. ‘12 ಫಝಿ’ ಅನ್ನುವುದನ್ನು ‘ಅಂದಾಜು 12 ವಾಕ್ಯಗಳು’ ಅಂತ ಬರೆದರೆ ಸುಮಾರು 12 ಅಂತಾಗಿಬಿಡುತ್ತದೆ. ಅಂಕೆಯನ್ನು ಮುಂದೆ ತಂದು ‘12 ಅಂದಾಜು ವಾಕ್ಯಗಳು’ ಅಂದರೂ ಅವಸರದಲ್ಲಿ ಓದುವವರು ಎಡವುತ್ತಾರೆ. ‘ಕಣ್ಣಂದಾಜಿನ ವಾಕ್ಯ 12’ ಅಂದರೆ ಗೊಂದಲವಿಲ್ಲ, ಆದರೆ ಟೂಲಿಗೆ ಕಣ್ಣೆಲ್ಲಿಯದು? ಅನುವಾದ ಮಾಡುವವರು ಯಾರಾದರೂ ಇದ್ದರೆ, ನೀವು ಇಲ್ಲಿ ಏನು ಬರೆಯುತ್ತೀರಿ?