ಅಪ್‌ಡೇಟ್: ಪ್ರಾರ್ಥನೆಗೆ ಮಾತೇ ಹೊರಡಲ್ಲ ಅಂತ ಕೇಳಿದ್ದೆ

ಯಜಮಾನರಿಗೆ ಸ್ಟ್ರೋಕ್ ಆಗಿ ಬಲಗೈ, ಮಾತು ಎರಡೂ ನಿಂತಾಗ, "ದೇವರ ಮುಂದೆ ಕೂತರೆ ಮಾತೇ ಹೊರಡಲ್ಲ, ನನ್ನ ನಂಬಿಕೆ ಸತ್ತುಹೋಯಿತಾ?" ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ವಂದನೆ.

ಸತ್ಯವೇದದ (ಬೈಬಲಿನ) ಕೀರ್ತನೆ 13, 88 ಓದಿ ಅಂದವರಿಗೆ ತುಂಬಾ ಋಣಿ. 13ನೆಯದು ಇನ್ನೆಷ್ಟು ಕಾಲ ಎಂಬ ಗೋಳಿನಿಂದ ಶುರುವಾಗಿ ಆರೇ ವಚನದಲ್ಲಿ ಹಾಡಿಗೆ ತಿರುಗುತ್ತದೆ. 88ನೆಯದು ತಿರುಗುವುದೇ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅಂಥ ಅಳುವನ್ನೂ ಸತ್ಯವೇದ ತೆಗೆದುಹಾಕದೆ ಉಳಿಸಿಕೊಂಡಿದೆಯಲ್ಲ, ಅದೇ ನನಗೆ ಧೈರ್ಯ. ಈಗ ಅದನ್ನೇ ಗಟ್ಟಿಯಾಗಿ ಓದುತ್ತೇನೆ. ಸದ್ಯಕ್ಕೆ ನನ್ನ ಪ್ರಾರ್ಥನೆ ಅಷ್ಟೇ.

ಕೋಲಾರದ ನಮ್ಮ ಸಭೆಯ ಹೆಂಗಸರು ಸರದಿ ಹಾಕಿಕೊಂಡು ಮುದ್ದೆ, ಬಸ್ಸಾರು ತರುತ್ತಿದ್ದಾರೆ. ಉಪದೇಶ ಮಾಡಲ್ಲ, ಪಾತ್ರೆ ತೊಳೆದಿಟ್ಟು ಹೋಗುತ್ತಾರೆ. ಯಜಮಾನರು ಮೆತ್ತನೆ ಚೆಂಡು ಹಿಸುಕುವಾಗ ಹೆಬ್ಬೆರಳು ಚೂರು ಮಡಚುತ್ತಿದೆ. ಮಾತು ಇನ್ನೂ ತೊದಲು.

"ನಂಬಿಕೆ ಇದ್ದರೆ ಮಾತ್ರೆ ಯಾಕೆ?" ಎಂದವರಿಗೆ: ಬಿಪಿ ಮಾತ್ರೆ ನಿಲ್ಲಿಸಿದರೆ ಮತ್ತೆ ಸ್ಟ್ರೋಕ್ ಆಗುವ ಅಪಾಯ ಹೆಚ್ಚು. ಸತ್ಯವೇದದಲ್ಲಿ ಅಪೊಸ್ತಲ ಪೌಲನ ಜೊತೆಗಿದ್ದ ಲೂಕ ವೈದ್ಯನೇ. ಆ ಪೌಲ ತನ್ನ ಶರೀರದ ಮುಳ್ಳು, ಅಂದರೆ ತನ್ನನ್ನು ಕಾಡುತ್ತಿದ್ದ ಬಾಧೆ, ಹೋಗಲಿ ಅಂತ ಮೂರು ಸಲ ಬೇಡಿದರೂ ಅದು ಹೋಗಲಿಲ್ಲ, ಸಿಕ್ಕಿದ್ದು ಕೃಪೆ. ಮಾತ್ರೆ ನಾವು ನಿಲ್ಲಿಸಲ್ಲ.

ಕೋಲಾರದಲ್ಲಿ ಸ್ಪೀಚ್ ಥೆರಪಿ ಎಲ್ಲಿ ಮಾಡಿಸಬಹುದು, ಗೊತ್ತಿದ್ದವರು ದಯವಿಟ್ಟು ತಿಳಿಸಿ.