ಹೊಸ ಮನೆಗೆ ಎಂಜಿನಿಯರ್ಡ್ ಸ್ಟೋನ್ ಟೈಲ್ಸ್ ಹಾಕಿಸಬಹುದಾ? ಕಲಬುರಗಿ ಕಡೆಯವರು ಅನುಭವ ಹೇಳಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಪ್ಲಾಸ್ಟರ್ ಮುಗಿದಿದೆ, ಇನ್ನು ನೆಲದ ಕೆಲಸ. ಅಂಗಡಿಯಲ್ಲಿ ಎಂಜಿನಿಯರ್ಡ್ ಸ್ಟೋನ್ ಟೈಲ್ಸ್ ತೋರಿಸಿದರು. ಬಿಳಿ ಬಣ್ಣ, ಒಳಗೆ ಸಣ್ಣ ಹರಳು, ಬಹಳ ಚಂದ ಇದೆ. ಗ್ರಾನೈಟ್‌ನಷ್ಟೇ ಗಟ್ಟಿ, ಕಲೆ ಹಿಡಿಯಲ್ಲ ಅಂತಾರೆ. ಅತ್ತೆಯವರು ಮಾತ್ರ ಫರಸಿ (ಶಹಾಬಾದ್ ಕಲ್ಲು) ಸಾಕು ಅಂತಿದ್ದಾರೆ. ಪಡಸಾಲೆಗೆ ಪಶ್ಚಿಮಕ್ಕೆ ದೊಡ್ಡ ಕಿಟಕಿ, ಮಧ್ಯಾಹ್ನದಿಂದ ಸಂಜೆತನಕ ಬಿಸಿಲು ಒಳಗೆ ಬೀಳುತ್ತದೆ. ಅಡುಗೆಮನೆಯಲ್ಲಿ ಎರಡು ಹೊತ್ತೂ ಜೋಳದ ರೊಟ್ಟಿ. ಮನೆಯಲ್ಲಿ ವಯಸ್ಸಾದವರಿದ್ದಾರೆ. ಹಾಕಿಸಿದವರು, ಬಳಸಿದವರು ದಯವಿಟ್ಟು ಹೇಳಿ.

ಕಲಬುರಗಿಯಿಂದ, ಕಟ್ಟಡ ಕೆಲಸ ಮಾಡಿಸುವವರು:

ಅಕ್ಕಾರೆ, ಬಣ್ಣ ನೋಡುವ ಮೊದಲು ಅಂಗಡಿಯವರಿಗೆ ಒಂದು ಮಾತು ಕೇಳಿ. ಇದರೊಳಗಿನ ಕಲ್ಲು ಯಾವುದು, ಅದನ್ನು ಹಿಡಿದಿರುವ ಅಂಟು ಯಾವುದು? ಒಂದೇ ಹೆಸರಲ್ಲಿ ಬೇರೆ ಬೇರೆ ಮಾಲು ಬರುತ್ತದೆ. ಒಂದು, ಕ್ವಾರ್ಟ್ಜ್ ಹರಳು ಮತ್ತು ರೆಸಿನ್ ಅನ್ನುವ ಪ್ಲಾಸ್ಟಿಕ್ ಥರದ ಅಂಟು ಸೇರಿಸಿ ಒತ್ತಿದ್ದು. ಇದರಲ್ಲಿ ತೂಕದ ಲೆಕ್ಕದಲ್ಲಿ ಸುಮಾರು 90 ಭಾಗ ಕ್ವಾರ್ಟ್ಜ್, ಉಳಿದದ್ದು ರೆಸಿನ್ ಮತ್ತು ಬಣ್ಣ. ಇನ್ನೊಂದು, ಮಾರ್ಬಲ್ ಚೂರಿಗೆ ರೆಸಿನ್ ಹಾಕಿದ್ದು. ಸಿಮೆಂಟಿನಲ್ಲಿ ಚೂರು ಕೂರಿಸಿದ್ದೂ ಇದೆ, ಅದು ನಮ್ಮ ಹಳೇ ಮೊಸಾಯಿಕ್ ಜಾತಿಯದು.

ಕ್ವಾರ್ಟ್ಜ್ ಗಟ್ಟಿ ಅನ್ನೋದು ನಿಜ. ಗಟ್ಟಿತನ ಅಳೆಯುವ ಮೋಸ್ ಅಳತೆಯಲ್ಲಿ ಅದು 7, ಮಾರ್ಬಲ್ 3ರ ಆಸುಪಾಸು. ಕಾಲಲ್ಲಿ ಬರುವ ಮರಳಿನಲ್ಲೂ ಕ್ವಾರ್ಟ್ಜ್ ಇರುತ್ತದೆ, ಹಾಗಾಗಿ ಮಾರ್ಬಲ್ ಬೇಗ ಗೀರು ಬೀಳುತ್ತದೆ. ಸ್ಯಾಂಪಲ್ ತುಂಡು ಮನೆಗೆ ತಂದು ಎರಡು ಹನಿ ನಿಂಬೆರಸ ಹಾಕಿ 20 ನಿಮಿಷ ಬಿಡಿ. ಒರೆಸಿದ ಮೇಲೆ ಆ ಜಾಗ ಮಂಕಾದರೆ ಒಳಗೆ ಮಾರ್ಬಲ್ ಇಲ್ಲವೇ ಸಿಮೆಂಟ್ ಇದೆ ಅಂತ ತಿಳಿಯಿರಿ.

ನನ್ನ ಚಿಂತೆ ನಿಮ್ಮ ಪಶ್ಚಿಮದ ಕಿಟಕಿಯದು. ಬಿಸಿಲಿಗೆ ರೆಸಿನ್ ಹಳದಿ ತಿರುಗುತ್ತದೆ. ಒಂದು ಮನೆಯಲ್ಲಿ ದಿವಾನ ಸರಿಸಿದಾಗ ನಾನೇ ನೋಡಿದೆ, ಕೆಳಗೆ ಹೊಸ ಬಿಳುಪು, ಸುತ್ತ ಹಳದಿ ಛಾಯೆ, ನಡುವೆ ಗೆರೆ ಎಳೆದಂತೆ ದಿವಾನದ ಅಂಚು. ಒರೆಸಿದರೆ ಹೋಗುವ ಕಲೆ ಅಲ್ಲ ಅದು. ಬಿಳಿ ಬಣ್ಣದಲ್ಲಿ ಜಾಸ್ತಿ ಕಾಣುತ್ತದೆ. ನಮ್ಮಲ್ಲಿ ಬೇಸಿಗೆಯಲ್ಲಿ 42 ಡಿಗ್ರಿ ದಾಟುತ್ತದೆ, ಪರದೆ ಹಾಕಿಕೊಂಡೇ ಎಷ್ಟು ದಿನ ಇರುತ್ತೀರಿ? ಅಂಗಳ, ಬಾಲ್ಕನಿ, ಮಹಡಿಗೆ ಅಂತೂ ರೆಸಿನ್ ಕಲ್ಲು ಬೇಡವೇ ಬೇಡ. ಬಿಸಿಲು ಬೀಳದ ಮಲಗುವ ಕೋಣೆಗೆ ಹಾಕಿಸಿ, ನಾನು ಬೇಡ ಅನ್ನಲ್ಲ.

ಪಡಸಾಲೆಗೆ ವಿಟ್ರಿಫೈಡ್ ನೋಡಿ. ಅದು ಮಣ್ಣನ್ನು ಸುಮಾರು 1200 ಡಿಗ್ರಿಯಲ್ಲಿ ಸುಟ್ಟು ಮಾಡಿದ್ದು. ರೆಸಿನ್ ಇಲ್ಲ, ಹಾಗಾಗಿ ಬಿಸಿಲಿಗೆ ಹಳದಿ ಆಗಲ್ಲ. ನೀರು ಹೀರುವುದು ಶೇಕಡಾ 0.5ಕ್ಕಿಂತ ಕಡಿಮೆ. ಓಡಾಟ ಜಾಸ್ತಿ ಇರುವ ಕಡೆ ಡಬಲ್ ಚಾರ್ಜ್ ತಗೊಳ್ಳಿ, ಅದರಲ್ಲಿ ಬಣ್ಣದ ಪದರವೇ 3-4 ಮಿಲಿಮೀಟರ್ ದಪ್ಪ ಇರುತ್ತದೆ.

ಬೀದರಿನಿಂದ:

ಅಡುಗೆಮನೆ ಬಗ್ಗೆ ನಾನು ಹೇಳ್ತೀನಿ ತಂಗಿ. ನಾವು ಕೊಂಡ ಮನೆಯ ಅಡುಗೆಮನೆಗೆ ಮೊದಲಿನವರೇ ರೆಸಿನ್ ಮಾರ್ಬಲ್ ಹಾಕಿಸಿದ್ದರು. ಒಲೆ ಮುಂದಿನ ಜಾಗ ನೋಡಬೇಕು ನೀವು. ಹುಣಸೆರಸ, ನಿಂಬೆಹಣ್ಣು, ಮೊಸರು ಚೆಲ್ಲಿದಲ್ಲೆಲ್ಲ ಹೊಳಪು ಹೋಗಿ ದುಂಡು ದುಂಡು ಮಚ್ಚೆ. ಬಿಸಿ ಹಂಚು ಇಳಿಸಿದ ಕಡೆ ಕಂದು ಬಣ್ಣದ ಅರ್ಧಚಂದ್ರ. ಕ್ವಾರ್ಟ್ಜ್ ಆದರೂ ಹಂಚಿನ ವಿಷಯದಲ್ಲಿ ಹುಷಾರು. ರೆಸಿನ್ 150 ಡಿಗ್ರಿ ಹೊತ್ತಿಗೇ ಕೆಡಲು ಶುರು, ರೊಟ್ಟಿ ಹಂಚು ಅದಕ್ಕಿಂತ ಬಹಳ ಬಿಸಿ ಇರುತ್ತದೆ.

ಇನ್ನೊಂದು ಯಾರೂ ಹೇಳಲ್ಲ. ರೊಟ್ಟಿ ಬಡಿಯುವಾಗ ಜೋಳದ ಹಿಟ್ಟು ನೆಲಕ್ಕೆ ಉದುರೇ ಉದುರುತ್ತದೆ. ಪಾಲಿಷ್ ನೆಲದ ಮೇಲೆ ಒಣ ಹಿಟ್ಟು ಬಿದ್ದರೆ ಕಾಲು ನಿಲ್ಲಲ್ಲ. ನಮ್ಮ ಅವ್ವ ಕಟ್ಟೆ ಹಿಡಿದೇ ಓಡಾಡುತ್ತಾರೆ. ಅತ್ತೆಯವರು ಅಡುಗೆಮನೆಗೆ ಬರುತ್ತಾರಲ್ವಾ? ಅಲ್ಲಿಗೂ ಬಚ್ಚಲಿಗೂ ಮ್ಯಾಟ್ ಟೈಲ್ಸೇ ಹಾಕಿಸಿ. ಒರೆಸಲು ಸ್ವಲ್ಪ ಕಷ್ಟ, ಇರಲಿ. ಬಿದ್ದು ಸೊಂಟ ಮುರಿದರೆ ಆ ವಯಸ್ಸಲ್ಲಿ ಏಳುವುದು ಕಷ್ಟ.

ಶಹಾಬಾದಿನಿಂದ:

ನಿಮ್ಮ ಅತ್ತೆಯವರ ಮಾತು ತೆಗೆದುಹಾಕಬೇಡಿ. ಶಹಾಬಾದ್ ಕಲ್ಲು ನಮ್ಮ ನೆಲದಲ್ಲೇ ಪದರ ಪದರವಾಗಿ ಏಳುವ ಸುಣ್ಣದ ಕಲ್ಲು. ಚಿತ್ತಾಪುರ, ಸೇಡಂ ಕಡೆಯೂ ಇದೇ. ಏಪ್ರಿಲ್, ಮೇ ಮಧ್ಯಾಹ್ನ ಬರಿ ಫರಸಿ ಮೇಲೆ ಚಾದರ ಇಲ್ಲದೆ ಮಲಗಿದವರಿಗೆ ಅದರ ತಂಪು ಗೊತ್ತು. ಸವೆದರೆ ಮತ್ತೆ ಮಷಿನ್ ಪಾಲಿಷ್ ಹೊಡೆಸಬಹುದು. ಮೇಲೆ ಮಾತ್ರ ವಿನ್ಯಾಸ ಅಚ್ಚಾದ ಟೈಲ್ಸ್‌ಗೆ ಅದು ಆಗಲ್ಲ. ಅಂಗಳ, ಕಟ್ಟೆ, ಮೆಟ್ಟಿಲು, ಹಿತ್ತಲಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಾಣಲ್ಲ.

ಆದರೆ ಇದೂ ಸುಣ್ಣದ ಕಲ್ಲೇ, ಹುಳಿ ಮತ್ತು ಆ್ಯಸಿಡ್ ಆಗಲ್ಲ. ಬೋರಿನ ಸವಳು ನೀರಿನ ಬಿಳಿ ಕಲೆ ತೆಗೆಯಲು ಬಚ್ಚಲಿನ ಆ್ಯಸಿಡ್ ಸುರಿದರೆ ಕಲೆ ಜೊತೆ ಕಲ್ಲಿನ ಮೈಯೂ ಹೋಗುತ್ತದೆ. ಎಣ್ಣೆಯನ್ನೂ ಹೀರುತ್ತದೆ. ಕೊಳ್ಳುವಾಗ ಪ್ರತಿ ಕಲ್ಲು ಬಡಿದು ನೋಡಿ, ಖಣ್ ಅನ್ನಬೇಕು. ಮಂದ ಸದ್ದು ಬಂದರೆ ಒಳಗೆ ಸೀಳು ಇರಬಹುದು. ದಪ್ಪ ಒಂದೇ ಸಮ ಇರುವುದನ್ನು ಆರಿಸಿಕೊಳ್ಳಿ.

ಯಾದಗಿರಿಯಿಂದ, ಟೈಲ್ಸ್ ಕೂರಿಸುವ ಗೌಂಡಿ:

ಅಕ್ಕಾ, ಯಾವ ಮಾಲಾದರೂ ತನ್ನಿ, ಕೆಳಗಿನ ಕೆಲಸ ಸರಿ ಇಲ್ಲದಿದ್ದರೆ ರೊಕ್ಕ ಹೋದಂಗೆ. ನಮ್ಮದು ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಆ ಮಣ್ಣನ್ನೇ ಒಳಗೆ ತುಂಬಿಸಿದ್ದರೆ ತೆಗೆಸಿ. ಮುರುಮ್ (ಗರಸು ಮಣ್ಣು) ತುಂಬಿ, ನೀರು ಹಾಕಿ, ಪದರ ಪದರವಾಗಿ ಬಡಿಸಿ, ಮೇಲೆ ಕಾಂಕ್ರೀಟ್ ಹಾಕಿಸಿ. ಅದು ಪೂರ್ತಿ ಒಣಗಲು ಬಿಡಿ. ಗೃಹಪ್ರವೇಶದ ತಾರೀಖು ಹತ್ತಿರ ಬಂತು ಅಂತ ಹಸಿ ನೆಲದ ಮೇಲೆ ಕಲ್ಲು ಕೂರಿಸುವುದನ್ನು ನಾನು ಒಪ್ಪಲ್ಲ.

ರೆಸಿನ್ ಕಲ್ಲಿಗೆ ಇದು ಇನ್ನೂ ಮುಖ್ಯ. ಕೆಲವು ಮಾಲು ಹಸಿ ಸಿಮೆಂಟಿನ ನೀರು ಕುಡಿದು ಬಾಗುತ್ತದೆ, ಮೂಲೆ ಮೇಲೆ ಏಳುತ್ತದೆ. ಕಂಪನಿ ಹೇಳಿದ ಅಂಟನ್ನೇ ತರಿಸಿ. ಸಿಮೆಂಟ್ ಹಾಲು ಸಾಕು ಅನ್ನುವವರ ಕೈಗೆ ಆ ಮಾಲು ಕೊಡಬೇಡಿ. ಬಿಸಿಗೆ ಇದು ವಿಟ್ರಿಫೈಡ್‌ಗಿಂತ ಜಾಸ್ತಿ ಹಿಗ್ಗುತ್ತದೆ. ಸಂದು ಕಾಣಬಾರದು ಅಂತ ಒತ್ತಿ ಒತ್ತಿ ಜೋಡಿಸಿದರೆ ಬೇಸಿಗೆಯಲ್ಲಿ ಎರಡು ಟೈಲ್ಸ್ ಒಂದಕ್ಕೊಂದು ತಳ್ಳಿ ಗುಡಾರದ ಹಾಗೆ ಎದ್ದು ನಿಲ್ಲುತ್ತವೆ. ನಡುವೆ 2-3 ಮಿಲಿಮೀಟರ್ ಸ್ಪೇಸರ್ ಇಡಿಸಿ. ಗೋಡೆ ಪಕ್ಕವೂ ಸಂದು ಬಿಡಿಸಿ, ಅದು ಗೋಡೆ ಬುಡದ ಸ್ಕರ್ಟಿಂಗ್ ಪಟ್ಟಿ ಕೆಳಗೆ ಮುಚ್ಚಿಹೋಗುತ್ತದೆ. ಅಡುಗೆಮನೆ ಸಂದಿ ತುಂಬಲು ಎಪಾಕ್ಸಿ ಗ್ರೌಟ್ ತರಿಸಿ, ಬಿಳಿ ಸಿಮೆಂಟ್ ಅರಿಶಿನ, ಎಣ್ಣೆಗೆ ಕೆಡುತ್ತದೆ. ಕೂರಿಸಿದ ಮೇಲೆ ನಾಣ್ಯದಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದದ್ದನ್ನು ಅವತ್ತೇ ತೆಗೆಸಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ಪಡಸಾಲೆಗೆ ವಿಟ್ರಿಫೈಡ್, ಅಡುಗೆಮನೆಗೆ ಮ್ಯಾಟ್, ಅಂಗಳಕ್ಕೆ ಅತ್ತೆಯವರ ಫರಸಿ ಅಂತ ಮಾತಾಯಿತು. ಎರಡು ಮಲಗುವ ಕೋಣೆಗೆ ಮಾತ್ರ ಕ್ವಾರ್ಟ್ಜ್ ಯೋಚನೆ ಇದೆ. ಇದನ್ನು ಕೊಯ್ಯುವಾಗ ಏಳುವ ಧೂಳು ಕೆಟ್ಟದ್ದು ಅಂತಾರೆ, ಹೌದಾ? ನಾವು ಪಕ್ಕದ ಶೆಡ್ಡಿನಲ್ಲೇ ಇದ್ದೇವೆ.

ಕಲಬುರಗಿಯವರು:

ಹೌದು ಅಕ್ಕಾರೆ, ಇದನ್ನು ಹಗುರವಾಗಿ ತಗೋಬೇಡಿ. ಕ್ವಾರ್ಟ್ಜ್ ಅಂದರೆ ಸಿಲಿಕಾನೇ, ಹಾಗಾಗಿ ಅದರಲ್ಲಿ ಸಿಲಿಕಾ ಬಹಳ. ಆ ನುಣುಪಾದ ಧೂಳು ಎದೆಗೆ ಸೇರಿದರೆ ಸಿಲಿಕೋಸಿಸ್ ಬರುತ್ತದೆ, ಹೋದ ಶ್ವಾಸಕೋಶ ಮತ್ತೆ ಬರಲ್ಲ. ಕಲ್ಲು ಕೊಯ್ಯುವ ಕಾರ್ಮಿಕರು ಕಾಯಿಲೆ ಬಿದ್ದರು ಅಂತಲೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಎಂಜಿನಿಯರ್ಡ್ ಸ್ಟೋನ್ ನಿಷೇಧಿಸಿತು. ಕೂರಿಸಿದ ನೆಲದಿಂದ ತೊಂದರೆ ಇಲ್ಲ, ಕೊಯ್ಯುವಾಗ, ಉಜ್ಜುವಾಗ ಅಪಾಯ. ನೀರು ಹರಿಸುತ್ತಲೇ ಕೊಯ್ಯಬೇಕು. ಮೂಗಿಗೆ ಕರವಸ್ತ್ರ ಕಟ್ಟಿದರೆ ಸಾಲದು, ಕೆಲಸದವರಿಗೆ ಸರಿಯಾದ ಮಾಸ್ಕ್ ನೀವೇ ತಂದುಕೊಡಿ. ಮಕ್ಕಳನ್ನು ಆ ಕಡೆ ಬಿಡಬೇಡಿ. ಒಣಗಿದ ಪುಡಿಯನ್ನು ಕಸಬರಿಗೆಯಿಂದ ಗುಡಿಸಬಾರದು, ಒದ್ದೆ ಬಟ್ಟೆಯಿಂದ ಬಳಿಯಬೇಕು.

ಯಾದಗಿರಿ ಗೌಂಡಿ:

ಕೋಣೆ ಅಳತೆ ಕೊಟ್ಟು ಮೊದಲೇ ನಕ್ಷೆ ಹಾಕಿಸಿ, ಕೊಯ್ಯುವುದು ಅರ್ಧಕ್ಕೆ ಇಳಿಯಬಹುದು. ಮಾಲು ಇಳಿಸಿಕೊಳ್ಳುವಾಗ ಎಲ್ಲ ಬಾಕ್ಸಿನ ಬ್ಯಾಚ್ ನಂಬರ್ ಒಂದೇ ಇದೆಯಾ ನೋಡಿ, ಬ್ಯಾಚ್ ಬೇರೆ ಆದರೆ ಬಣ್ಣ ತುಸು ಬೇರೆ ಇರುತ್ತದೆ. ನೂರಕ್ಕೆ ಹತ್ತರ ಲೆಕ್ಕದಲ್ಲಿ ಜಾಸ್ತಿ ತರಿಸಿ. ಉಳಿದದ್ದನ್ನು ವಾಪಸ್ ಕೊಡಬೇಡಿ, ಮುಂದೆ ಪೈಪ್ ರಿಪೇರಿಗೆ ನೆಲ ಒಡೆಯಬೇಕಾದರೆ ಅದೇ ಬಣ್ಣ ಆಗ ಸಿಗಲ್ಲ.