ಟ್ರಯಾಜ್: 'ವಿಂಗಡಣೆ'ಯೋ, 'ಸರದಿ'ಯೋ?

ಗೆಳೆಯರೇ,

ಮಂಡ್ಯ ಸುತ್ತಮುತ್ತಲ ಆಟೊ ಮತ್ತು ಕಬ್ಬಿನ ಟ್ರ್ಯಾಕ್ಟರ್ ಓಡಿಸುವವರಿಗಾಗಿ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಮೈಸೂರು ಹೆದ್ದಾರಿಯಲ್ಲಿ ಅಪಘಾತವಾಗಿ ನಾಲ್ಕೈದು ಜನ ಬಿದ್ದಿದ್ದಾರೆ ಅಂದುಕೊಳ್ಳಿ. 108ಕ್ಕೆ ಫೋನ್ ಮಾಡಿಯಾಯಿತು. ಮೊದಲು ಯಾರ ಹತ್ತಿರ ಹೋಗಬೇಕು? ಆಸ್ಪತ್ರೆಯವರು ಇದನ್ನು 'ಟ್ರಯಾಜ್' ಅನ್ನುತ್ತಾರೆ. ಫ್ರೆಂಚಿನಿಂದ ಬಂದ ಪದ, ಆರಿಸಿ ಬೇರೆ ಮಾಡುವುದು ಅಂತ ಅರ್ಥ. ಕನ್ನಡದಲ್ಲಿ ಏನನ್ನೋಣ?

'ವಿಂಗಡಣೆ' ಅರ್ಥಕ್ಕೆ ಸರಿಯಾಗಿದೆ. ಆದರೆ ಆ ಪದವನ್ನು ಈಗ ಕಸದ ಗಾಡಿ ಎತ್ತಿಕೊಂಡು ಹೋಗಿದೆ. ಹಸಿ ಕಸ, ಒಣ ಕಸ ವಿಂಗಡಿಸಿ ಅಂತ ಬೆಳಗಾದರೆ ಕೇಳುವವರಿಗೆ 'ಗಾಯಾಳುಗಳನ್ನು ವಿಂಗಡಿಸಿ' ಅನ್ನಲು ಮನಸ್ಸಾಗುತ್ತಿಲ್ಲ. 'ಸರದಿ' ಚೆನ್ನಾಗಿದೆ. ಆದರೆ ರೇಷನ್ ಅಂಗಡಿ ಸರದಿಯಲ್ಲಿ ಮೊದಲು ಬಂದವರಿಗೇ ಮೊದಲು, ಅಲ್ವಾ?

ಇದಕ್ಕಿಂತ ಜಾಸ್ತಿ ತೊಂದರೆ ಕೊಡುತ್ತಿರುವುದು 'ತೀವ್ರ ಗಾಯ'. ಈ ಮಾತು ಪೊಲೀಸ್ ಠಾಣೆಯದು. ಕಾನೂನಿನ ಪ್ರಕಾರ ಒಂದು ಹಲ್ಲು ಮುರಿದರೂ ಅದು ತೀವ್ರ ಗಾಯ. ಟ್ರಯಾಜ್‌ನಲ್ಲಿ ಯಾರನ್ನು ಮೊದಲು ನೋಡಬೇಕು ಅಂತ ಗಾಯಾಳುಗಳಿಗೆ ಬಣ್ಣದ ಗುರುತು ಕೊಡುತ್ತಾರೆ. ಹಲ್ಲು ಮುರಿದವನು ಎದ್ದು ಓಡಾಡುತ್ತಿದ್ದರೆ ಟ್ರಯಾಜ್ ಲೆಕ್ಕದಲ್ಲಿ ಅವನು ಹಸಿರು, ಕಾಯಬಹುದು. ಮೈಮೇಲೆ ಒಂದು ಗೀರೂ ಇಲ್ಲದೆ ಹೊಟ್ಟೆಗೆ ಒಳಪೆಟ್ಟು ಬಿದ್ದು ಬೆವರುತ್ತಿರುವವನು ಕೆಂಪಾಗಬಹುದು, ಅಂದರೆ ಮೊದಲು ನೋಡಬೇಕಾದವನು. 'ತೀವ್ರ', 'ಗಂಭೀರ', 'ಚಿಂತಾಜನಕ' ಇವೆಲ್ಲ ಎಷ್ಟು ಪೆಟ್ಟಾಗಿದೆ ಅಂತ ಹೇಳುತ್ತವೆ, ಯಾರನ್ನು ಮೊದಲು ನೋಡಬೇಕು ಅಂತ ಹೇಳುವುದಿಲ್ಲ.

ನೋಡುವ ಕ್ರಮ ಸುಲಭವಾಗಿದೆ. 1983ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ 'ಸ್ಟಾರ್ಟ್' ಅನ್ನುವ ವಿಧಾನ ಇದು. ನಡೆಯಬಲ್ಲವರನ್ನೆಲ್ಲ ಒಂದು ಕಡೆ ಕರೆಯಬೇಕು, ಅವರು ಹಸಿರು. ಉಳಿದವರಲ್ಲಿ ಉಸಿರು ನಿಮಿಷಕ್ಕೆ 30 ದಾಟಿದರೆ ಕೆಂಪು. ಉಗುರು ಒತ್ತಿ ಬಿಟ್ಟಾಗ ಬಣ್ಣ ಮರಳಲು 2 ಸೆಕೆಂಡಿಗಿಂತ ಜಾಸ್ತಿ ಹಿಡಿದರೂ ಕೆಂಪು. 'ಕೈ ಹಿಡಿ' ಅಂದರೆ ಹಿಡಿಯದವರೂ ಕೆಂಪು. ಈ ಮೂರರಲ್ಲೂ ಪಾಸಾಗಿ, ಎದ್ದು ನಡೆಯಲು ಮಾತ್ರ ಆಗದವರು ಹಳದಿ, ಕೆಂಪಿನವರಾದ ಮೇಲೆ ಅವರ ಸರದಿ. ಉಸಿರೇ ಇಲ್ಲದವರಿಗೆ ಉಸಿರಿನ ದಾರಿ ಬಿಡಿಸಿ ನೋಡಬೇಕು. ಬಂದರೆ ಕೆಂಪು, ಬಾರದಿದ್ದರೆ ಕಪ್ಪು, ಅಂದರೆ ಉಳಿಸಲಾಗದವರು ಅಂತ ಬಿಟ್ಟು ಮುಂದಿನವರ ಹತ್ತಿರ ಹೋಗುವುದು. ಜನ ಜಾಸ್ತಿ, ಕೈ ಕಡಿಮೆ ಇರುವ ಕಡೆಗಷ್ಟೇ ಈ ಕಪ್ಪು. ಒಬ್ಬರೇ ಬಿದ್ದಿದ್ದರೆ ಆ ಮಾತೇ ಇಲ್ಲ. ಎದೆ ಒತ್ತಲು ಶುರು ಮಾಡಬೇಕು.

ಗಾಯಾಳುವಿಗೆ ಕಟ್ಟುವ ಈ ಬಣ್ಣದ ಗುರುತಿಗೆ ಒಂದು ಅನುವಾದದಲ್ಲಿ 'ಕೆಂಪು ಪಟ್ಟಿ' ಅಂತ ನೋಡಿದೆ. ಕೆಂಪು ಪಟ್ಟಿ ಅಂದರೆ ನಮಗೆ ಸರ್ಕಾರಿ ಕಚೇರಿಯಲ್ಲಿ ಕಡತ ಕೊಳೆಯುವುದು! 'ಕಪ್ಪು ಪಟ್ಟಿ'ಗೆ ಸೇರಿದರೆ ಕಂಟ್ರಾಕ್ಟರಿಗೆ ಟೆಂಡರ್ ಇಲ್ಲ. ಹಾಗಾಗಿ ಸುಮ್ನೆ 'ಕೆಂಪು ಚೀಟಿ', 'ಹಳದಿ ಚೀಟಿ' ಅಂತ ಬರೆದಿದ್ದೇನೆ. ಆಸ್ಪತ್ರೆಯಲ್ಲಿ 'ಚೀಟಿ ಮಾಡಿಸಿ' ಅಂತ ಎಲ್ಲರೂ ಹೇಳುವುದೇ ಅಲ್ಲವೇ.

'ಪ್ರಜ್ಞೆ'ಯನ್ನೂ ಕೈಬಿಟ್ಟಿದ್ದೇನೆ. 'ಪ್ರಜ್ಞೆ ಇದೆಯಾ?' ಅಂತ ಕೇಳಿದರೆ ಇದೆ, ಇಲ್ಲ ಅಂತ ಎರಡೇ ಉತ್ತರ ಬರುತ್ತವೆ. ವೈದ್ಯರಿಗೆ ನಾಲ್ಕು ಹಂತ ಬೇಕು. ಅದಕ್ಕೆ ಹೀಗೆ ಬರೆದೆ: ಎಚ್ಚರವಾಗಿದ್ದಾರೆ, ಕೂಗಿದರೆ ಓಗೊಡುತ್ತಾರೆ, ಚಿವುಟಿದರಷ್ಟೇ ಅಲುಗುತ್ತಾರೆ, ಏನು ಮಾಡಿದರೂ ಅಲುಗುವುದಿಲ್ಲ. 'ಓಗೊಡು' ಮಂಡ್ಯದ ಹಿರಿಯರ ಬಾಯಲ್ಲಿ ಇನ್ನೂ ಇದೆ. ಆಟೊ ಓಡಿಸುವ ಹುಡುಗರಿಗೆ ಗೊತ್ತಾ ಅನ್ನುವುದೇ ನನ್ನ ಅನುಮಾನ.

ಸದ್ಯಕ್ಕೆ ಕರಪತ್ರದ ತಲೆಬರಹ 'ಮೊದಲು ಯಾರು?' ಅಂತ ಇಟ್ಟಿದ್ದೇನೆ. ತಲೆಬರಹಕ್ಕೆ ಸಾಕು, ಆದರೆ 'ಟ್ರಯಾಜ್ ಕೊಠಡಿ', 'ಟ್ರಯಾಜ್ ನರ್ಸ್' ಅನ್ನಬೇಕಾದಾಗ ಕೆಲಸಕ್ಕೆ ಬಾರದು. 'ತುರ್ತುಸರದಿ' ಅಂದರೆ ಹೇಗೆ? ಮೈಸೂರು, ಮಂಡ್ಯದ ಕ್ಯಾಶುವಾಲ್ಟಿಗಳಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ ಹೇಳಿ: ವಾರ್ಡಿನಲ್ಲಿ ನರ್ಸ್, ಆಯಾಗಳು ತಮ್ಮತಮ್ಮಲ್ಲಿ ಇದಕ್ಕೆ ಏನಂತಾರೆ?